‘ಆಮಿನಸ್’ ಎಂದರೆ ಅಪಶಕುನವೇ?



ಇಂದಿನ ಮಾತು ಒಂದೇ ಒಂದು ಇಂಗ್ಲಿಷ್ ಪದವನ್ನು ಕುರಿತದ್ದು. ಆ ಪದ ‘ಆಮಿನಸ್’. ಪಠ್ಯಪುಸ್ತಕದ ಕಥೆಗಳಲ್ಲಿ, ಇಂಗ್ಲಿಷ್ ಪತ್ರಿಕೆಗಳ ಸಂಪಾದಕೀಯದಲ್ಲಿ, ಹವಾಮಾನದ ಸುದ್ದಿಯಲ್ಲಿ, ಕ್ರಿಕೆಟ್ ವೀಕ್ಷಕ ವಿವರಣೆಯಲ್ಲಿ ಕೂಡ ನೀವು ಇದನ್ನು ಕೇಳಿರುತ್ತೀರಿ. ನಿಘಂಟು ತೆರೆದರೆ ಅಪಶಕುನದ, ಅಶುಭಸೂಚಕವಾದ, ಕೇಡಿನ ಮುನ್ಸೂಚನೆಯುಳ್ಳ ಎಂಬ ಅರ್ಥಗಳು ಸಿಗುತ್ತವೆ. ಮೊದಲು ಸಿಕ್ಕಿದ ಅರ್ಥವನ್ನೇ ಹಿಡಿದುಕೊಂಡು ಹೊರಟವರು ‘ಆಕಾಶದಲ್ಲಿ ಅಪಶಕುನದ ಮೋಡಗಳು ಕವಿದಿದ್ದವು’ ಎಂದು ಅನುವಾದ ಮಾಡುವುದುಂಟು. ವ್ಯಾಕರಣದಲ್ಲಿ ತಪ್ಪಿಲ್ಲ. ಆದರೂ ಓದುವಾಗ ಕಾಲಿಗೆ ಕಲ್ಲು ತಗುಲಿದಂತಾಗುತ್ತದೆ. ಮೋಡ ಕವಿದರೆ ಮಳೆ ಬರುತ್ತದೆ, ಜೋರಾದರೆ ಹಳ್ಳ ತುಂಬುತ್ತದೆ. ಇದರಲ್ಲಿ ಶಕುನದ ಮಾತು ಎಲ್ಲಿಂದ ಬಂತು? ಈ ಪ್ರಶ್ನೆಯ ಬೆನ್ನು ಹತ್ತಿ ಹೋದರೆ ಒಂದು ಪದದ ಅರ್ಥವಷ್ಟೇ ಅಲ್ಲ, ಇನ್ನೂ ಒಂದೆರಡು ಸಂಗತಿಗಳು ಸಿಗುತ್ತವೆ.

ಮೊದಲು ಉಚ್ಚಾರಣೆ. ಇದರ ಮೂಲಪದ ‘ಓಮೆನ್’, ಅಂದರೆ ಶಕುನ. ಅದರಲ್ಲಿ ‘ಓ’ ದೀರ್ಘ. ವಿಶೇಷಣವಾದಾಗ ಸ್ಪೆಲಿಂಗ್ ‘ಓ’ ಅಕ್ಷರದಿಂದಲೇ ಆರಂಭವಾದರೂ ಉಚ್ಚಾರಣೆ ‘ಆಫೀಸ್’, ‘ಆರೆಂಜ್’ ಪದಗಳ ಮೊದಲ ಅಕ್ಷರದಂತೆ ಆಗುತ್ತದೆ. ಒತ್ತು ಆ ಅಕ್ಷರದ ಮೇಲೆಯೇ. ‘ಓಮಿನಸ್’ ಎನ್ನುವವರಿದ್ದಾರೆ, ಬಾಯಿಗೆ ಬಂದಿದ್ದರೆ ಬಿಡುವುದು ಒಳ್ಳೆಯದು.

ಈ ಪದ 16ನೆಯ ಶತಮಾನದ ಕೊನೆಯ ಭಾಗದಲ್ಲಿ ಲ್ಯಾಟಿನ್ ಭಾಷೆಯಿಂದ ಇಂಗ್ಲಿಷಿಗೆ ಬಂದದ್ದು. ಲ್ಯಾಟಿನ್ ಆಡುತ್ತಿದ್ದ ಪ್ರಾಚೀನ ರೋಮನ್ನರು ಶಕುನ ನೋಡದೆ ಯಾವ ದೊಡ್ಡ ಕೆಲಸವನ್ನೂ ಆರಂಭಿಸುತ್ತಿರಲಿಲ್ಲ. ಅದಕ್ಕಾಗಿಯೇ ‘ಆಗರ್’ ಎಂಬ ಪುರೋಹಿತರಿದ್ದರು. ಆಕಾಶದಲ್ಲಿ ಹಕ್ಕಿಗಳು ಯಾವ ಕಡೆಯಿಂದ ಯಾವ ಕಡೆಗೆ ಹಾರಿದವು, ಹೇಗೆ ಕೂಗಿದವು ಎಂಬುದನ್ನು ನೋಡಿ ದೇವತೆಗಳ ಒಪ್ಪಿಗೆ ಇದೆಯೋ ಇಲ್ಲವೋ ಎಂದು ಇವರು ಹೇಳುತ್ತಿದ್ದರು. ನಿಮ್ಮ ಕಾಲೇಜಿನ ಸಮಾರಂಭದ ಆಹ್ವಾನಪತ್ರಿಕೆಯಲ್ಲಿ ‘ಇನಾಗ್ಯುರೇಷನ್’ ಎಂದು ಅಚ್ಚಾಗಿರುತ್ತದಲ್ಲ, ಅದರ ನಡುವೆ ಕುಳಿತಿರುವವರು ಈ ಆಗರ್ ಮಹಾಶಯರೇ. ‘ಆಸ್ಪಿಷಸ್’, ಅಂದರೆ ಶುಭಕರ, ಎಂಬ ಪದವಂತೂ ಹಕ್ಕಿ ಮತ್ತು ನೋಡುವುದು ಎಂಬ ಎರಡು ಲ್ಯಾಟಿನ್ ಪದಗಳು ಕೂಡಿ ಆದದ್ದು. ಮಂತ್ರಿಗಳು ದೀಪ ಬೆಳಗುವ ಸಭೆಯಲ್ಲಿ ಇಂದು ಹಕ್ಕಿಗಳನ್ನು ಯಾರೂ ನೋಡುವುದಿಲ್ಲ, ಪದಗಳು ಮಾತ್ರ ಉಳಿದುಕೊಂಡಿವೆ.

ನಮ್ಮಲ್ಲಿಯೂ ಕಥೆ ಬೇರೆಯಲ್ಲ. ಸಂಸ್ಕೃತದಲ್ಲಿ ‘ಶಕುನ’ ಎಂದರೆ ಮೊದಲಿಗೆ ಹಕ್ಕಿ ಎಂದೇ ಅರ್ಥ. ‘ಶಕುಂತ’ ಎಂದರೂ ಹಕ್ಕಿ; ಕಾಡಿನಲ್ಲಿ ಹಕ್ಕಿಗಳು ಕಾಪಾಡಿದ ಮಗುವಾದ್ದರಿಂದ ಕಣ್ವರು ಶಕುಂತಲೆ ಎಂದು ಹೆಸರಿಟ್ಟರೆಂದು ಮಹಾಭಾರತ ಹೇಳುತ್ತದೆ. ಹಕ್ಕಿ ಎಂಬ ಪದಕ್ಕೆ ಹಕ್ಕಿ ಕೊಡುವ ಸೂಚನೆ ಎಂಬ ಅರ್ಥ ಬಂದು, ಆಮೇಲೆ ಹಕ್ಕಿ ಹಾರಿಹೋಗಿ ಸೂಚನೆಯಷ್ಟೇ ಉಳಿಯಿತು. ಬೆಳಗಿನ ಜಾವ ಬುಡುಬುಡಿಕೆಯವನು ಮನೆಯ ಮುಂದೆ ನಿಂತು ಹಾಲಕ್ಕಿ ನುಡಿಯಿತೆಂದು ಹೇಳುವುದನ್ನು ನಿಮ್ಮಲ್ಲಿ ಕೆಲವರು ಕೇಳಿರಬಹುದು. ರೋಮಿನ ಪುರೋಹಿತನಿಗೂ ನಮ್ಮ ಬುಡುಬುಡಿಕೆಯವನಿಗೂ ಪರಿಚಯವಿರಲಿಲ್ಲ. ಆದರೆ ನಾಳೆಯನ್ನು ತಿಳಿಯಬೇಕೆಂಬ ಆಸೆ ಇಬ್ಬರ ಕಣ್ಣನ್ನೂ ರೆಕ್ಕೆಯಿದ್ದ ಪ್ರಾಣಿಯ ಕಡೆಗೇ ತಿರುಗಿಸಿತು.

ರೋಮನ್ನರ ಒಂದು ಪ್ರಸಂಗವನ್ನು ಹೇಳದೆ ಮುಂದೆ ಹೋಗಲಾರೆ. ಅದು ಕ್ರಿಸ್ತಪೂರ್ವ 249. ಸಿಸಿಲಿ ದ್ವೀಪದ ದ್ರೆಪಾನಾ ಬಂದರಿನ ಬಳಿ ರೋಮಿನ ನೌಕಾಪಡೆಗೂ ಕಾರ್ಥೇಜಿನ ನೌಕಾಪಡೆಗೂ ಯುದ್ಧ ನಡೆಯಲಿತ್ತು. ರೋಮಿನ ದಂಡನಾಯಕ ಪುಬ್ಲಿಯಸ್ ಕ್ಲಾಡಿಯಸ್ ಪುಲ್ಕರ್. ಹಡಗಿನಲ್ಲಿ ಶಕುನ ನೋಡುವುದಕ್ಕೆಂದೇ ಸಾಕಿದ ಪವಿತ್ರ ಕೋಳಿಗಳಿದ್ದವು. ಅವು ಹಾಕಿದ ಕಾಳನ್ನು ಆತುರದಿಂದ ತಿಂದರೆ ಶುಭ, ಮುಟ್ಟದಿದ್ದರೆ ಅಶುಭ. ಅಂದು ಕೋಳಿಗಳು ಕಾಳು ಮುಟ್ಟಲಿಲ್ಲ. ಪುಲ್ಕರನಿಗೆ ಸಿಟ್ಟು ಬಂತು. ತಿನ್ನುವ ಮನಸ್ಸಿಲ್ಲದಿದ್ದರೆ ನೀರನ್ನಾದರೂ ಕುಡಿಯಲಿ ಎಂದು ಅವನ್ನು ಸಮುದ್ರಕ್ಕೆ ಎಸೆಸಿದನಂತೆ. ಯುದ್ಧದಲ್ಲಿ ಅವನು ಹೀನಾಯವಾಗಿ ಸೋತ. 93 ಹಡಗುಗಳು ಶತ್ರುವಿನ ಕೈ ಸೇರಿದವು.

ಕೋಳಿಗಳ ಮಾತು ಕೇಳಿದ್ದರೆ ಉಳಿಯುತ್ತಿದ್ದ ಎಂದು ರೋಮನ್ನರು ತಲೆಮಾರುಗಳ ಕಾಲ ಈ ಕಥೆಯನ್ನು ಹೇಳಿಕೊಂಡರು. ಆದರೆ ಯುದ್ಧ ನಡೆದ ರೀತಿಯನ್ನು ನೋಡಿ. ಶತ್ರುವನ್ನು ಬಂದರಿನೊಳಗೇ ಮುತ್ತಬೇಕೆಂದು ಪುಲ್ಕರ್ ಕತ್ತಲಲ್ಲಿ ಹೊರಟ. ಕಾರ್ಥೇಜಿನ ನಾಯಕ ಅಧೆರ್ಬಲ್ ಇದನ್ನು ಕಂಡ ಕೂಡಲೇ ತನ್ನ ಹಡಗುಗಳನ್ನು ಬಂದರಿನಿಂದ ತೆರೆದ ಸಮುದ್ರಕ್ಕೆ ಒಯ್ದ. ಒಳಗೆ ನುಗ್ಗಿದ್ದ ರೋಮನ್ ಹಡಗುಗಳು ಹಿಂದಿರುಗಲು ಹೋಗಿ ಒಂದಕ್ಕೊಂದು ತಾಗಿದವು, ಕೊನೆಗೆ ದಡಕ್ಕೂ ಶತ್ರುವಿಗೂ ನಡುವೆ ಸಿಕ್ಕಿಬಿದ್ದವು. ಸಮುದ್ರದ ಕಡೆಗೆ ಸಾಲಾಗಿ ಹೊರಟ ಆ ಹಡಗುಗಳೇ ಪುಲ್ಕರನ ಪಾಲಿಗೆ ಅಂದಿನ ನಿಜವಾದ ಕೆಟ್ಟ ಸೂಚನೆ. ಕೋಳಿಗೂ ಸೋಲಿಗೂ ನಡುವೆ ಎಳೆಯೊಂದನ್ನು ಯಾರೂ ತೋರಿಸಲಾರರು. ಹಡಗುಗಳ ಆ ಚಲನೆಗೂ ಸೋಲಿಗೂ ನಡುವಿನ ಎಳೆ ಕಣ್ಣಿಗೇ ಕಾಣುವಂಥದು. ಇಂದಿನ ಇಂಗ್ಲಿಷ್ ಲೇಖಕನೊಬ್ಬ ಈ ಪ್ರಸಂಗವನ್ನು ಬರೆದರೆ ಎರಡನ್ನೂ ‘ಆಮಿನಸ್’ ಎಂದೇ ಕರೆಯಬಹುದು. ಪದದ ತೊಡಕೂ ಇಲ್ಲೇ ಇದೆ, ಸ್ವಾರಸ್ಯವೂ ಇಲ್ಲೇ ಇದೆ.

ಇನ್ನೊಂದು ಬದಲಾವಣೆಯನ್ನು ಗಮನಿಸಿ. ‘ಓಮೆನ್’ ಒಳ್ಳೆಯದೂ ಆಗಬಹುದು, ಕೆಟ್ಟದ್ದೂ ಆಗಬಹುದು. ‘ಗುಡ್ ಓಮೆನ್’ ಎಂದು ಇಂದಿಗೂ ಹೇಳುತ್ತಾರೆ. 17ನೆಯ ಶತಮಾನದ ಇಂಗ್ಲಿಷಿನಲ್ಲಿ ಶುಭವನ್ನು ಸೂಚಿಸುವುದಕ್ಕೂ ‘ಆಮಿನಸ್’ ಎಂದದ್ದುಂಟು. ಈಗ ಆ ಬಳಕೆ ಪೂರ್ತಿ ಬಿದ್ದುಹೋಗಿದೆ. ಮದುವೆ ಮನೆಯಲ್ಲಿ ಯಾರಾದರೂ ‘ಆಮಿನಸ್ ಅಕೇಷನ್’ ಎಂದರೆ ಬೀಗರು ಎದ್ದು ಹೋದಾರು! ಪದಗಳು ಹೀಗೆ ಕೆಟ್ಟ ಕಡೆಗೆ ವಾಲುವುದು ನಮಗೆ ಹೊಸದಲ್ಲ. ಗ್ರಹಚಾರ ಎಂದರೆ ಗ್ರಹಗಳ ಚಲನೆ, ಅಷ್ಟೇ. ಆದರೆ ‘ನನ್ನ ಗ್ರಹಚಾರ’ ಎಂದು ಯಾರಾದರೂ ನಿಟ್ಟುಸಿರು ಬಿಟ್ಟರೆ ಲಾಟರಿ ಹೊಡೆದಿದೆ ಎಂದು ನೀವು ತಿಳಿಯುವುದಿಲ್ಲ. ‘ವಾಸನೆ ಬರುತ್ತಿದೆ’ ಎಂದ ಕೂಡಲೇ ಮೂಗು ಮುಚ್ಚಿಕೊಳ್ಳುತ್ತೇವೆ. ಮಲ್ಲಿಗೆಯದೂ ವಾಸನೆಯೇ ಅಲ್ಲವೇ? ಇಂಗ್ಲಿಷಿನ ‘ಡಿಸಾಸ್ಟರ್’ ಎಂಬ ಪದದೊಳಗೂ ಒಂದು ಕೆಟ್ಟ ನಕ್ಷತ್ರವಿದೆ. ಅದು ನಮ್ಮ ಗ್ರಹಚಾರದ ದೂರದ ನೆಂಟ.

ಈಗ ಇಂದಿನ ಬಳಕೆಗೆ ಬರೋಣ. ‘ಆಮಿನಸ್’ ಪದ ಕೇಡನ್ನು ಹೆಸರಿಸುವುದಿಲ್ಲ, ಕೇಡಿನ ಮುಂದೆ ಬರುವುದನ್ನು ಹೆಸರಿಸುತ್ತದೆ. ಹುಲ್ಲಿನ ಬಣವೆಯ ಪಕ್ಕದಲ್ಲಿ ಹೆಡೆಯೆತ್ತಿ ನಿಂತ ನಾಗರಹಾವು ‘ಡೇಂಜರಸ್’. ಹಾವು ಕಾಣದೆ, ಬಣವೆಯ ಒಳಗಿನಿಂದ ಬುಸ್ ಎಂಬ ಸದ್ದು ಮಾತ್ರ ಬಂದರೆ ಆ ಸದ್ದು ‘ಆಮಿನಸ್’. ಈಗಾಗಲೇ ನಡೆದುಹೋದ ಅಪಘಾತವನ್ನು ‘ಆಮಿನಸ್ ಆ್ಯಕ್ಸಿಡೆಂಟ್’ ಎಂದು ಬರೆದರೆ ಸಾಮಾನ್ಯವಾಗಿ ತಪ್ಪು. ಆ ಅಪಘಾತ ಮುಂದೆ ಬರಲಿರುವ ಇನ್ನೂ ದೊಡ್ಡದನ್ನು ಸೂಚಿಸುತ್ತಿದ್ದರೆ ಮಾತ್ರ ಸರಿ. ಹೆಡ್‌ಮಾಸ್ಟರು ನಿಮ್ಮ ಉತ್ತರಪತ್ರಿಕೆಯನ್ನು ಎರಡು ಸಲ ತಿರುವಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಏನೂ ಮಾತನಾಡದೆ ಕುಳಿತರೆ ಅದು ‘ಆಮಿನಸ್ ಸೈಲೆನ್ಸ್’. ಅವರು ಬೈಯಲು ಆರಂಭಿಸಿದ ಮೇಲೆ ಆ ಪದದ ಕೆಲಸ ಮುಗಿಯಿತು.

ಸೂಚಿಸಿದ ಕೇಡು ಬಂದೇ ಬರಬೇಕೆಂಬ ಕಟ್ಟೂ ಇಲ್ಲ. ಮಧ್ಯಾಹ್ನವೆಲ್ಲ ಮೋಡಗಳು ‘ಆಮಿನಸ್’ ಆಗಿದ್ದವು, ಸಂಜೆಗೆ ಗಾಳಿ ಬೀಸಿ ಚದುರಿದವು, ಒಂದು ಹನಿಯೂ ಬೀಳಲಿಲ್ಲ ಎನ್ನುವುದು ಸರಿಯಾದ ವಾಕ್ಯವೇ. ‘ಇಮಿನೆಂಟ್’ ಎಂಬ ಪದದೊಡನೆ ಇದನ್ನು ಬೆರೆಸಬೇಡಿ. ಅದು ಇನ್ನೇನು ಆಗಿಯೇಬಿಡುತ್ತದೆ ಎಂಬ ಕಾಲದ ಮಾತು. (ಮಹನೀಯ ಎಂಬರ್ಥದ ‘ಎಮಿನೆಂಟ್’ ಮತ್ತೊಂದೇ ಪದ, ಸ್ವಾಗತ ಭಾಷಣ ಮಾಡುವವರು ಎಚ್ಚರ ವಹಿಸಬೇಕು.) ‘ಫೋರ್‌ಬೋಡಿಂಗ್’ ನಿಮ್ಮ ಮನಸ್ಸಿನೊಳಗಿನ ಅಳುಕು, ‘ಆಮಿನಸ್’ ಆ ಅಳುಕನ್ನು ಹುಟ್ಟಿಸಿದ ಹೊರಗಿನ ಸಂಗತಿಯ ಗುಣ.

ಕ್ರಿಕೆಟ್ ವಿವರಣೆಯಲ್ಲಿ ಇದರ ಬಳಕೆ ಬಹಳ ಸೊಗಸಾಗಿದೆ. ಬ್ಯಾಟ್ಸ್‌ಮನ್ ಒಬ್ಬ ನೆಲೆ ನಿಂತು, ಚೆಂಡನ್ನು ಬ್ಯಾಟಿನ ನಡುವಿಗೇ ತೆಗೆದುಕೊಂಡು, ಅವಸರವಿಲ್ಲದೆ ಆಡುತ್ತಿದ್ದರೆ ‘ಲುಕಿಂಗ್ ಆಮಿನಸ್’ ಎನ್ನುತ್ತಾರೆ. ಕೇಡು ಯಾರಿಗೆ? ಬೌಲಿಂಗ್ ಮಾಡುವ ತಂಡಕ್ಕೆ. ಅವನ ಕಡೆಯವರಿಗೆ ಅದೇ ನೋಟ ಪರಮಾನಂದ. ಅಂದರೆ ಈ ಪದ ಬಂದಾಗಲೆಲ್ಲ ‘ಯಾರ ಪಾಲಿಗೆ?’ ಎಂದು ಕೇಳಿಕೊಳ್ಳಬೇಕು. ಇಲ್ಲಿ ‘ಅಪಶಕುನದ ಬ್ಯಾಟ್ಸ್‌ಮನ್’ ಎಂದು ಅನುವಾದಿಸಿದರೆ ಪಾಪ, ಆತನನ್ನು ತಂಡದಿಂದಲೇ ಕೈಬಿಟ್ಟಾರು.

ನನ್ನ ಕಸುಬಿನ ಒಂದು ಗುಟ್ಟನ್ನೂ ಇಲ್ಲಿ ಹೇಳಬೇಕು. ಟೆಲಿವಿಷನ್ನಿನ ಸಂಕಲನದ ಕೋಣೆಯಲ್ಲಿ ಒಂದು ಮುಚ್ಚಿದ ಬಾಗಿಲಿನ ದೃಶ್ಯ ಇದೆ ಎಂದುಕೊಳ್ಳಿ. ಅದರ ಹಿನ್ನೆಲೆಗೆ ಕೊಳಲಿನ ನಾಲ್ಕು ಸ್ವರ ಹಾಕಿದರೆ, ಬೇಕಾದವರು ಯಾರೋ ಬರುತ್ತಾರೆ ಎನಿಸುತ್ತದೆ. ಅದನ್ನು ತೆಗೆದು ಚೆಲ್ಲೋ ವಾದ್ಯದ ಒಂದೇ ತಗ್ಗಿನ ಸ್ವರವನ್ನು ಎಳೆದು ನಿಲ್ಲಿಸಿದರೆ, ಬಾಗಿಲು ತೆರೆಯುವುದೇ ಬೇಡ ಎನಿಸುತ್ತದೆ. ಬಾಗಿಲು ಮಾತ್ರ ಎರಡರಲ್ಲೂ ಅದೇ. 1975ರಲ್ಲಿ ಬಂದ ‘ಜಾಸ್’ ಚಲನಚಿತ್ರಕ್ಕೆ ಜಾನ್ ವಿಲಿಯಮ್ಸ್ ಕೊಟ್ಟ ಸಂಗೀತದಲ್ಲಿ ಎರಡೇ ಸ್ವರಗಳು ಮತ್ತೆ ಮತ್ತೆ ಬರುತ್ತವೆ, ಕ್ರಮೇಣ ವೇಗ ಹೆಚ್ಚುತ್ತದೆ. ಶಾರ್ಕ್ ಮೀನು ತೆರೆಯ ಮೇಲೆ ಸರಿಯಾಗಿ ಕಾಣುವುದಕ್ಕೆ ಬಹಳ ಮೊದಲೇ ಪ್ರೇಕ್ಷಕರು ಕುರ್ಚಿಯ ಕೈ ಹಿಡಿದುಕೊಂಡಿರುತ್ತಾರೆ. ಕಥಾಚಿತ್ರದಲ್ಲಿ ಇದು ಕಲೆ. ಸುದ್ದಿಯ ಕಾರ್ಯಕ್ರಮದಲ್ಲಿ ಇದನ್ನು ಬಳಸುವುದು ನನಗೆ ಒಪ್ಪಿಗೆಯಿಲ್ಲ. ಸಂಗತಿಗಳೇ ಹುಟ್ಟಿಸದ ಭಯವನ್ನು ವಾದ್ಯದಿಂದ ಹುಟ್ಟಿಸಬಾರದು. ಮುಂದೆ ಯಾವುದಾದರೂ ಸುದ್ದಿ ನಿಮಗೆ ‘ಆಮಿನಸ್’ ಎನಿಸಿದರೆ ಒಮ್ಮೆ ಧ್ವನಿ ಪೂರ್ತಿ ತಗ್ಗಿಸಿ ನೋಡಿ.

ಹಾಗಾದರೆ ಕೃತಕವಲ್ಲದ, ಕಾರಣವುಳ್ಳ ಸೂಚನೆ ಹೇಗಿರುತ್ತದೆ? 2004ರ ಡಿಸೆಂಬರ್ 26ರ ಬೆಳಿಗ್ಗೆ ಥಾಯ್ಲೆಂಡಿನ ಫುಕೆಟ್ ದ್ವೀಪದ ಮೈಖಾವ್ ಕಡಲತೀರದಲ್ಲಿ ಟಿಲ್ಲಿ ಸ್ಮಿತ್ ಎಂಬ 10 ವರ್ಷದ ಬ್ರಿಟಿಷ್ ಬಾಲಕಿ ತನ್ನ ಮನೆಯವರೊಡನೆ ಇದ್ದಳು. ಸಮುದ್ರದ ನೀರು ನೊರೆನೊರೆಯಾಗಿ, ವಿಚಿತ್ರವಾಗಿ ಸರಿದಾಡುತ್ತಿತ್ತು. ಉಳಿದವರಿಗೆ ಅದೊಂದು ಕುತೂಹಲ. ಅವಳಿಗೆ ಎರಡು ವಾರಗಳ ಹಿಂದೆ ಶಾಲೆಯ ಭೂಗೋಳದ ತರಗತಿಯಲ್ಲಿ ಸುನಾಮಿಯ ಪಾಠ ಆಗಿತ್ತು. ಸುನಾಮಿ ಬರುತ್ತದೆ ಎಂದು ಹಟ ಹಿಡಿದು ಹೇಳಿದಳು. ಹಿರಿಯರು ನಂಬಿದರು, ತೀರವನ್ನು ತೆರವು ಮಾಡಿಸಲಾಯಿತು. ಸುಮಾರು ನೂರು ಜನರ ಜೀವ ಉಳಿಯಿತು.

ಇದರ ಹಿಂದಿನ ವಿಜ್ಞಾನವನ್ನು ಸ್ವಲ್ಪ ನೋಡೋಣ. ಸುಮಾತ್ರಾದ ಬಳಿ ಸಮುದ್ರತಳ ಬಿರಿದಾಗ ಬಿರುಕಿನ ಪಶ್ಚಿಮದ ಕಡೆ ನೆಲ ಮೇಲೆದ್ದಿತು, ಪೂರ್ವದ ಕಡೆ ಕುಸಿಯಿತು. ಪೂರ್ವದಲ್ಲಿದ್ದ ಥಾಯ್ಲೆಂಡಿಗೆ ಅಲೆಯ ತಗ್ಗು ಮೊದಲು ತಲುಪಿದ್ದರಿಂದ ನೀರು ಹಿಂದೆ ಸರಿಯಿತು. ಪಶ್ಚಿಮದಲ್ಲಿದ್ದ ಶ್ರೀಲಂಕಾ ಮತ್ತು ನಮ್ಮ ಪೂರ್ವ ಕರಾವಳಿಗೆ ಅಲೆಯ ಉಬ್ಬೇ ಮೊದಲು ಬಂತು. ಒಂದೇ ಭೂಕಂಪ, ಒಂದು ಕಡೆ ಸಮುದ್ರ ಹಿಂದೆ ಸರಿದು ಸೂಚನೆ ಕೊಟ್ಟಿತು, ಇನ್ನೊಂದು ಕಡೆ ಆ ಸೂಚನೆ ಕೊಡದೆಯೇ ಏರಿತು. ಕಾರಣ ತಿಳಿದಾಗ ಆಗುವ ಲಾಭ ಇದು. ಸೂಚನೆ ಎಲ್ಲಿ ಸಿಗುತ್ತದೆ, ಎಲ್ಲಿ ಸಿಗುವುದಿಲ್ಲ, ಅದು ಸಿಗಲಿಲ್ಲವೆಂದು ನೆಮ್ಮದಿಯಾಗಿರಬಹುದೇ ಎಂಬುದೂ ತಿಳಿಯುತ್ತದೆ. ಕೋಳಿ ಕಾಳು ತಿಂದರೆ ಇಷ್ಟೆಲ್ಲ ತಿಳಿಯುವುದಿಲ್ಲ.

ಶಾಲೆಯ ಪಾಠವಿದ್ದರೆ ಮಾತ್ರ ಇದು ಸಾಧ್ಯ ಎಂದು ಭಾವಿಸಬೇಡಿ. ಸುಮಾತ್ರಾದ ಪಕ್ಕದಲ್ಲೇ ಸಿಮೆಲೂ ಎಂಬ ದ್ವೀಪವಿದೆ. 1907ರಲ್ಲಿ ಅಲ್ಲಿ ಸುನಾಮಿ ಬಂದು ಬಹಳ ಜನ ಸತ್ತಿದ್ದರು. ಅಂದಿನಿಂದ ಅಲ್ಲಿನ ಅಜ್ಜಅಜ್ಜಿಯರು ‘ಸ್ಮಾಂಗ್’ ಎಂಬ ಒಂದು ಪದವನ್ನು ಕಥೆಗಳಲ್ಲಿ, ಜೋಗುಳಗಳಲ್ಲಿ ಮಕ್ಕಳಿಗೆ ಕಲಿಸುತ್ತ ಬಂದರು: ನೆಲ ಜೋರಾಗಿ ನಡುಗಿ, ಆಮೇಲೆ ಸಮುದ್ರ ಹಿಂದೆ ಸರಿದರೆ ಗುಡ್ಡ ಹತ್ತಬೇಕು. 2004ರಲ್ಲಿ ನೆಲ ನಡುಗಿತು, ಜನ ‘ಸ್ಮಾಂಗ್’ ಎಂದು ಕೂಗುತ್ತ ಗುಡ್ಡ ಹತ್ತಿದರು. ಸುಮಾರು 78 ಸಾವಿರ ಜನರಿದ್ದ ದ್ವೀಪದಲ್ಲಿ ಸತ್ತವರು 7 ಮಂದಿ. ಹಿರಿಯರು ಹೇಳಿದ್ದೆಲ್ಲ ಮೂಢನಂಬಿಕೆಯಲ್ಲ. ಪುಸ್ತಕದಲ್ಲಿ ಅಚ್ಚಾದದ್ದೆಲ್ಲ ವಿಜ್ಞಾನವೂ ಅಲ್ಲ. ಸೂಚನೆಗೂ ಸಂಕಟಕ್ಕೂ ನಡುವೆ ಬಿಡದ ನಂಟು ಇದೆಯೇ ಎಂಬುದು ಪ್ರಶ್ನೆ. ನಮ್ಮ ನ್ಯಾಯಶಾಸ್ತ್ರದವರು ಈ ನಂಟಿಗೆ ‘ವ್ಯಾಪ್ತಿ’ ಎಂದು ಹೆಸರಿಟ್ಟರು. ಬೆಟ್ಟದ ಮೇಲೆ ಹೊಗೆ ಕಂಡರೆ ಅಲ್ಲಿ ಬೆಂಕಿಯಿದೆ ಎಂದು ತಿಳಿಯಬಹುದು, ಏಕೆಂದರೆ ಹೊಗೆಯಿದ್ದಲ್ಲೆಲ್ಲ ಬೆಂಕಿಯಿರುತ್ತದೆ. ಬೆಕ್ಕು ಅಡ್ಡ ಹೋದಾಗಲೆಲ್ಲ ಕೆಲಸ ಕೆಟ್ಟಿದೆಯೇ? ಅಡ್ಡ ಹೋಗದೆಯೂ ಕೆಟ್ಟ ಕೆಲಸಗಳ ಲೆಕ್ಕವನ್ನು ಯಾರಾದರೂ ಇಟ್ಟಿದ್ದಾರೆಯೇ?

ಮನುಷ್ಯರೇ ಮಾಡಿದ ದುರಂತಗಳಲ್ಲಿಯೂ ಇಂಥ ಸೂಚನೆಗಳಿರುತ್ತವೆ. 1981ರ ಡಿಸೆಂಬರಿನಲ್ಲಿ ಭೋಪಾಲದ ಯೂನಿಯನ್ ಕಾರ್ಬೈಡ್ ಕಾರ್ಖಾನೆಯಲ್ಲಿ ವಿಷಾನಿಲ ತಗುಲಿ ಒಬ್ಬ ಕಾರ್ಮಿಕ ಸತ್ತ. ಆ ಕಾರ್ಮಿಕನ ಪರಿಚಯವಿದ್ದ ಪತ್ರಕರ್ತ ರಾಜಕುಮಾರ್ ಕೇಸ್ವಾನಿ ಕಾರ್ಖಾನೆಯ ಬಗ್ಗೆ ವಿಚಾರಿಸತೊಡಗಿದರು. ಕೆಲಸಗಾರರನ್ನು ಮಾತನಾಡಿಸಿದರು, ಸುರಕ್ಷತೆಯ ಕಾಗದಪತ್ರಗಳನ್ನು ಓದಿದರು. ನಗರ ಜ್ವಾಲಾಮುಖಿಯ ಬಾಯಲ್ಲಿ ಕುಳಿತಿದೆ ಎಂದು 1982ರಲ್ಲಿ ತಮ್ಮ ಸಣ್ಣ ವಾರಪತ್ರಿಕೆಯಲ್ಲಿ ಬರೆದರು. 1984ರ ಜೂನಿನಲ್ಲಿ ‘ಜನಸತ್ತಾ’ದಲ್ಲಿ ಮತ್ತೆ ಬರೆದರು. ಅದೇ ಜೂನಿನಿಂದ ಅನಿಲದ ತೊಟ್ಟಿಗಳನ್ನು ತಂಪಾಗಿಡುವ ಯಂತ್ರ ನಿಂತಿತ್ತು. ಸೋರಿದ ಅನಿಲವನ್ನು ಸುಡಬೇಕಾದ ಗೋಪುರದ ಕೊಳವೆಯನ್ನು ಕಳಚಿ ಇಡಲಾಗಿತ್ತು. ಡಿಸೆಂಬರ್ 2ರ ರಾತ್ರಿ ಮಿಥೈಲ್ ಐಸೊಸಯನೇಟ್ ಸೋರಿ ಸಾವಿರಾರು ಜನ ಸತ್ತರು. ಕೇಸ್ವಾನಿಯವರು ಭವಿಷ್ಯ ನುಡಿದಿದ್ದರು ಎಂದು ಆಮೇಲೆ ಹೊಗಳಿದವರಿದ್ದಾರೆ. ಆ ಹೊಗಳಿಕೆ ನನಗೆ ಸರಿ ಕಾಣುವುದಿಲ್ಲ. ಅವರು ಹಾಲಕ್ಕಿಯ ಮಾತು ಕೇಳಿದವರಲ್ಲ, ಕಾಗದ ಓದಿದವರು. ಭವಿಷ್ಯವಾಣಿ ಎಂದುಬಿಟ್ಟರೆ ಅದೇ ಕಾಗದವನ್ನು ಓದಬೇಕಾಗಿದ್ದ ಉಳಿದವರೆಲ್ಲ ಸುಲಭವಾಗಿ ತಪ್ಪಿಸಿಕೊಳ್ಳುತ್ತಾರೆ.

ಅಪಶಕುನ ಎಂಬ ಪದವನ್ನು ನಾನು ಎಚ್ಚರದಿಂದ ಬಳಸಿ ಎನ್ನುವುದಕ್ಕೆ ಇನ್ನೊಂದು ಕಾರಣವೂ ಇದೆ. ಈ ಪದ ನಮ್ಮಲ್ಲಿ ಬರೀ ಸೂಚನೆಯಾಗಿ ಉಳಿಯುವುದಿಲ್ಲ, ಅಪರಾಧಿಯನ್ನು ಹುಡುಕುತ್ತದೆ. ಎದುರಿಗೆ ಬಂದ ವಿಧವೆಯನ್ನು ಅಪಶಕುನ ಎಂದವರು ಆಕೆಯನ್ನು ಮದುವೆಯ ಚಪ್ಪರದಿಂದ ದೂರ ನಿಲ್ಲಿಸಿದರು, ಕೆಲವರು ಇಂದಿಗೂ ನಿಲ್ಲಿಸುತ್ತಾರೆ. ಹೊಲದ ಇಲಿಗಳನ್ನು ತಿಂದು ರೈತನಿಗೆ ಉಪಕಾರ ಮಾಡುವ ಗೂಬೆ ಮನೆಯ ಮೇಲೆ ಕುಳಿತರೆ ಕಲ್ಲು ಹೊಡೆಯುತ್ತೇವೆ. ಇಂಗ್ಲಿಷಿನ ‘ಆಮಿನಸ್’ ಇಂದು ಬಹುಮಟ್ಟಿಗೆ ಈ ಹೊರೆಯನ್ನು ಕಳಚಿಕೊಂಡಿದೆ. ಗೋಡೆಯ ಬಿರುಕು ‘ಆಮಿನಸ್’ ಎಂದರೆ ಗೋಡೆಯನ್ನು ನೋಡುತ್ತಾರೆ, ಬೆಳಿಗ್ಗೆ ಎದುರಿಗೆ ಬಂದವರನ್ನಲ್ಲ.

ಕನ್ನಡದಲ್ಲಿ ಇದಕ್ಕೆ ಪದವಿಲ್ಲವೇ? ಇದೆ, ಅದೂ ದಿನಬಳಕೆಯಲ್ಲೇ ಇದೆ. ಮೋಡ ನೋಡಿ ರೈತ ‘ಯಾಕೋ ಲಕ್ಷಣ ಸರಿಯಿಲ್ಲ’ ಎನ್ನುತ್ತಾನೆ. ಜ್ವರದ ಮಗುವಿನ ಮೈ ಮುಟ್ಟಿ ಅಜ್ಜಿ ಅದೇ ಮಾತು ಹೇಳುತ್ತಾಳೆ. ವೈದ್ಯರು ರೋಗದ ಲಕ್ಷಣ ಎನ್ನುವುದೂ ಇದೇ ಪದವನ್ನು. 2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ ಗುಡ್ಡಗಳು ಕುಸಿದವು. ಅಂಥ ಕುಸಿತಕ್ಕೆ ಮುಂಚೆ ಇಳಿಜಾರಿನಲ್ಲಿ ಬಿರುಕು ಬಿಡುವುದು, ಮರಗಳು ವಾಲುವುದು, ತಿಳಿಯಾಗಿದ್ದ ಒರತೆಯ ನೀರು ಇದ್ದಕ್ಕಿದ್ದಂತೆ ಕೆಂಪಾಗುವುದು ಇವೆಲ್ಲ ಲಕ್ಷಣಗಳೆಂದು ಭೂವಿಜ್ಞಾನಿಗಳು ಹೇಳುತ್ತಾರೆ. ‘ಆಮಿನಸ್’ ಎಂಬುದಕ್ಕೆ ನಾನು ಇದಕ್ಕಿಂತ ಹತ್ತಿರದ ಕನ್ನಡವನ್ನು ಕಾಣೆ. ಆಡಳಿತದ ಬರವಣಿಗೆಯಲ್ಲಿ ‘ಅಪಾಯಸೂಚಕ’ ಎನ್ನಬಹುದು. ಕಥೆಯಲ್ಲಾದರೆ ಪದವನ್ನೇ ಬಿಟ್ಟು ‘ಮೋಡ ಕಪ್ಪಗೆ ಹೆಪ್ಪುಗಟ್ಟಿ ನಿಂತಿತು’ ಎಂದರೂ ಸಾಕಾಗುತ್ತದೆ.

ಒಂದು ಸಣ್ಣ ಕೆಲಸ ಕೊಟ್ಟು ನನ್ನ ಮಾತು ನಿಲ್ಲಿಸುತ್ತೇನೆ. ಷೇಕ್ಸ್‌ಪಿಯರನ ‘ಜೂಲಿಯಸ್ ಸೀಸರ್’ ನಾಟಕದಲ್ಲಿ, ಸೀಸರನ ಕೊಲೆಗೆ ಮುಂಚಿನ ದಿನ, ನಡುಹಗಲಿನಲ್ಲಿ ಸಂತೆಯ ಬಯಲಲ್ಲಿ ಗೂಬೆ ಕುಳಿತು ಕೂಗಿತೆಂದು ಕ್ಯಾಸ್ಕಾ ನಡುಗುತ್ತ ಹೇಳುತ್ತಾನೆ. ಆ ಗೂಬೆ ಕ್ಯಾಸ್ಕಾನ ಪಾಲಿಗೆ ‘ಆಮಿನಸ್’. ಅದೇ ನಾಟಕದಲ್ಲಿ, ಕ್ಯಾಸಿಯಸನ ಹಸಿದ, ಬಡಕಲು ಮುಖವನ್ನು ನೋಡಿ ಇವನು ಅಪಾಯದ ಮನುಷ್ಯ ಎಂದು ಸೀಸರ್ ಹೇಳುತ್ತಾನೆ. ಆ ಮುಖವೂ ‘ಆಮಿನಸ್’. ಎರಡಕ್ಕೂ ಒಂದೇ ಕನ್ನಡ ಪದ ಹೊಂದುತ್ತದೆಯೇ? ನಾಟಕವನ್ನು ಗ್ರಂಥಾಲಯದಿಂದ ತಂದು, ಆ ಎರಡು ದೃಶ್ಯಗಳನ್ನು ಓದಿ, ಬರೆದು ನೋಡಿ.